ಪಹಣಿಯಲ್ಲಿ 2.20, ಪರದೆಯ ಮೇಲೆ 2.63: ಸರ್ಕಾರಿ ನಕ್ಷೆ ಕೆಲಸದ ಬಗ್ಗೆ ನಿಮ್ಮ ಪ್ರಶ್ನೆಗಳು

ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆಗೆ ಮಾಹಿತಿ ಜೋಡಿಸುವ ವ್ಯವಸ್ಥೆ), ಭೂದಾಖಲೆ, ಉಪಗ್ರಹ ಚಿತ್ರಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ. ಬೆಂಗಳೂರಿನ ಸರ್ಕಾರಿ ಕಚೇರಿಗಳ ನಕ್ಷೆ ವಿಭಾಗದ ಕೆಲಸ ಬಲ್ಲವರು ಉತ್ತರಿಸಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ಮಗಳು ಜಿಯೋಇನ್ಫರ್ಮ್ಯಾಟಿಕ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಸರ್ಕಾರದಲ್ಲಿ ಜಿಐಎಸ್ ಅನಲಿಸ್ಟ್ ಕೆಲಸ ಸಿಗುತ್ತದೆ ಎನ್ನುತ್ತಾರೆ. ಅದು ಕಾಯಂ ಕೆಲಸವೇ? ದಿನವಿಡೀ ಮಾಡುವುದೇನು? — ಓದುಗರು, ರಾಜಾಜಿನಗರ

ಆ ಹೆಸರಿನಲ್ಲಿ ಬರುವ ಜಾಹೀರಾತುಗಳಲ್ಲಿ ಹೆಚ್ಚಿನವು ಯೋಜನೆಯೊಂದಕ್ಕೆ ಕಟ್ಟಿದ ಗುತ್ತಿಗೆ ಅಥವಾ ಹೊರಗುತ್ತಿಗೆ ಹುದ್ದೆಗಳು. ರಾಜ್ಯದ ನಕ್ಷೆ ಭಂಡಾರ ಕೆ-ಜಿಐಎಸ್ ಮತ್ತು ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ನಡೆಸುವ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ, ಭೂಮಾಪನ ಇಲಾಖೆ, ಜಲಮಂಡಳಿ, ಬಿಡಿಎ, ಬೆಸ್ಕಾಂ, ಮಲ್ಲೇಶ್ವರದ ಅರಣ್ಯ ಭವನ, ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಹೀಗೆ ನಕ್ಷೆಯ ಕೆಲಸ ನಡೆಯುವ ಕಚೇರಿಗಳು ಬೆಂಗಳೂರಿನಲ್ಲೇ ಬೇಕಾದಷ್ಟಿವೆ. ಕೇಂದ್ರ ಸರ್ಕಾರದ ಕಡೆ ಸರ್ವೆ ಆಫ್ ಇಂಡಿಯಾ, ಇಸ್ರೊ ಇವೆ. ಕಾಯಂ ಆಗಬೇಕೆಂದರೆ ಭೂಮಾಪಕ ಹುದ್ದೆಗೆ ಕೆಪಿಎಸ್‌ಸಿ ಪರೀಕ್ಷೆ, ಇಲ್ಲವೇ ಕೇಂದ್ರದ ಸಂಸ್ಥೆಗಳ ನೇಮಕಾತಿ. ಗುತ್ತಿಗೆಯಲ್ಲಿ ಅನುಭವ ಗಳಿಸುತ್ತಲೇ ಅದಕ್ಕೆ ಓದುವವರು ಬಹಳ ಜನ.

ವಿಶ್ಲೇಷಣೆ ಎಂಬುದು ದೊಡ್ಡ ಮಾತು. ದಿನದ ಬಹುಪಾಲು ಹೊತ್ತು ಹೋಗುವುದು ಪಟ್ಟಿಗೂ ನಕ್ಷೆಗೂ ತಾಳೆ ಹಾಕುವುದರಲ್ಲಿ. ಒಂದು ರಸ್ತೆ ಅಗಲೀಕರಣಕ್ಕೆ ಯಾವ ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ ಹೋಗುತ್ತದೆ, ನಾಳೆ ಬೆಳಿಗ್ಗೆ ಸಭೆಗೆ ಬೇಕು ಎಂದು ಸಂಜೆ ಐದಕ್ಕೆ ಫೋನ್ ಬರುತ್ತದೆ. ರಸ್ತೆಯ ಗೆರೆ ಆಟೋಕ್ಯಾಡ್ ಕಡತದಲ್ಲಿ ಇರುತ್ತದೆ, ಎಷ್ಟೋ ಸಲ ಅದಕ್ಕೆ ಅಕ್ಷಾಂಶ ರೇಖಾಂಶವೇ ಇರುವುದಿಲ್ಲ. ಗ್ರಾಮ ನಕ್ಷೆಯ ಲೇಯರ್ (ಒಂದು ಬಗೆಯ ಮಾಹಿತಿಯ ಪದರ) ಒಂದು ಕಡೆ, ಮಾಲೀಕರ ಪಟ್ಟಿ ಎಕ್ಸೆಲ್‌ನಲ್ಲಿ ಇನ್ನೊಂದು ಕಡೆ. ಈ ಮೂರನ್ನೂ ಒಂದರ ಮೇಲೊಂದು ಕೂರಿಸಿ, ಕೂರದಿರುವುದನ್ನು ಬೇರೆ ಪಟ್ಟಿ ಮಾಡಿ ಕೊಡುವುದೇ ಕೆಲಸ. ಆ ‘ಕೂರದಿರುವ’ ಪಟ್ಟಿಯನ್ನು ಮುಚ್ಚಿಡದೆ ಕೊಡುವವರು ಇಲಾಖೆಗೆ ನಿಜವಾಗಿ ಬೇಕಾದವರು.

ಪ್ರಾಯೋಗಿಕ ಪರೀಕ್ಷೆಗೆ ತಯಾರಾಗಲು ಇದನ್ನೇ ಅಭ್ಯಾಸ ಮಾಡಲಿ: ಒಂದು ಹಳ್ಳಿಯ ಲೇಯರ್, ಒಂದು ಪಟ್ಟಿ, ಜೋಡಿಸುವುದು. ನಕ್ಷೆ ತಂತ್ರಾಂಶ ಕ್ಯೂಜಿಐಎಸ್ ಜೊತೆ ಪೋಸ್ಟ್‌ಜಿಐಎಸ್ ಡೇಟಾಬೇಸ್‌ನಲ್ಲಿ ಹತ್ತು ಸಾಲಿನ ಕ್ವೆರಿ ಬರೆಯುವಷ್ಟು ಬಂದರೆ ಸಾಕು. ಡೆಹ್ರಾಡೂನ್‌ನ ಐಐಆರ್‌ಎಸ್ ನಡೆಸುವ ಉಚಿತ ಆನ್‌ಲೈನ್ ಕೋರ್ಸ್‌ಗಳು ಬುನಾದಿಗೆ ಚೆನ್ನಾಗಿವೆ. ಸೇರುವ ಮುನ್ನ ಕೇಳಬೇಕಾದ್ದು: ಆದೇಶ ಪತ್ರ ಇಲಾಖೆಯದೋ ಏಜೆನ್ಸಿಯದೋ, ಪಿಎಫ್ ಕಟ್ಟುತ್ತಾರೋ ಇಲ್ಲವೋ, ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ ಇದೆಯೋ, ಯೋಜನೆ ಮುಗಿಯುವ ದಿನಾಂಕ ಯಾವುದು. ಅನುಭವ ಪತ್ರದಲ್ಲಿ ಇಲಾಖೆಯ ಹೆಸರೂ ಮಾಡಿದ ಕೆಲಸವೂ ಬರಬೇಕು. ಬರೀ ‘ಡೇಟಾ ಎಂಟ್ರಿ ಆಪರೇಟರ್’ ಎಂದು ಕೊಟ್ಟರೆ ಮುಂದಿನ ಅರ್ಜಿಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ: ನಾನು ಕಚೇರಿಯೊಂದರ ಜಿಐಎಸ್ ವಿಭಾಗಕ್ಕೆ ಹೊಸಬಳು. ಆನೇಕಲ್ ಕಡೆಯ ಒಂದು ಸರ್ವೆ ನಂಬರಿಗೆ ಪಹಣಿಯಲ್ಲಿ 2.20 ಎಂದಿದೆ. ಉಪಗ್ರಹ ಚಿತ್ರದ ಮೇಲೆ ಬದುವಿನ ಗುಂಟ ಗಡಿ ಎಳೆದು ಅಳೆದರೆ 2.63 ಎಕರೆ ಬರುತ್ತಿದೆ. ಒತ್ತುವರಿ ಎಂದು ವರದಿ ಬರೆಯಬಹುದೇ? — ಓದುಗರು, ಬೊಮ್ಮಸಂದ್ರ

ಬರೆಯಬೇಡಿ. ನಿಮ್ಮ 0.43 ಎಕರೆಯಲ್ಲಿ ಒಂದು ಗುಂಟೆಯೂ ನೆಲದ ಮೇಲಿಲ್ಲದಿರುವ ಸಾಧ್ಯತೆಯೇ ಹೆಚ್ಚು.

ಮೊದಲನೆಯದು, ಪಹಣಿಯ 2.20 ದಶಮಾಂಶವಲ್ಲ. ಅದು 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಅದು 2.5 ಎಕರೆ. ಎರಡನೆಯದು, ಹಿನ್ನೆಲೆಗೆ ಗೂಗಲ್ ಅಥವಾ ಓಪನ್‌ಸ್ಟ್ರೀಟ್‌ಮ್ಯಾಪ್ ಚಿತ್ರ ಹಾಕಿದ ಕೂಡಲೇ ಖಾಲಿ ಪ್ರಾಜೆಕ್ಟ್ ವೆಬ್ ಮರ್ಕೇಟರ್ ಎಂಬ ಪ್ರೊಜೆಕ್ಷನ್‌ಗೆ (ದುಂಡು ಭೂಮಿಯನ್ನು ಸಮತಲಕ್ಕೆ ಇಳಿಸುವ ಬಗೆ), ಅಂದರೆ ಇಪಿಎಸ್‌ಜಿ ಸಂಕೇತ 3857ಕ್ಕೆ ಹೊರಳುತ್ತದೆ. ನೀವು ಎಳೆದ ಲೇಯರ್ ಕೂಡ ಅದರಲ್ಲೇ ಕೂತಿರಬೇಕು. ಈ ಪ್ರೊಜೆಕ್ಷನ್ ಸಮಭಾಜಕದಿಂದ ದೂರ ಹೋದಷ್ಟೂ ಎಲ್ಲವನ್ನೂ ಹಿಗ್ಗಿಸುತ್ತದೆ. ಆನೇಕಲ್ಲಿನ ಅಕ್ಷಾಂಶದಲ್ಲಿ ವಿಸ್ತೀರ್ಣ ಶೇ 5ರಿಂದ 6ರಷ್ಟು ಹೆಚ್ಚು ಕಾಣುತ್ತದೆ. 2.5 ಎಕರೆಯನ್ನು 1.05ರಿಂದ ಗುಣಿಸಿ ನೋಡಿ, ನಿಮ್ಮ 2.63 ಅಲ್ಲೇ ಸಿಗುತ್ತದೆ. ಇಲ್ಲದ ಐದು ಗುಂಟೆಯನ್ನು ಪ್ರೊಜೆಕ್ಷನ್ ಹುಟ್ಟಿಸಿದೆ.

ಲೇಯರನ್ನು ಇಪಿಎಸ್‌ಜಿ 32643ಕ್ಕೆ, ಅಂದರೆ ಯುಟಿಎಂ 43 ಉತ್ತರಕ್ಕೆ (ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ಹಂಚುವ ಪ್ರೊಜೆಕ್ಷನ್‌ನ 43ನೆಯ ವಲಯ) ಬದಲಿಸಿ ಅಳೆಯಿರಿ. ಆಗ ಉಳಿಯುವ ದೋಷ ಎಕರೆಗೆ 50-60 ಚದರ ಅಡಿ. ಗುಂಟೆಗೆ 1,089 ಚದರ ಅಡಿ ಇರುವಾಗ ಅದನ್ನು ಲೆಕ್ಕಕ್ಕಿಡಬೇಕಿಲ್ಲ. ಕ್ಯೂಜಿಐಎಸ್‌ನಲ್ಲಿ ವಿಸ್ತೀರ್ಣಕ್ಕೆ ಎರಡು ಸೂತ್ರಗಳಿವೆ. ಹೆಸರಿನ ಮುಂದೆ ಡಾಲರ್ ಗುರುತು ಇರುವುದು ಪ್ರಾಜೆಕ್ಟ್‌ನಲ್ಲಿ ಇಟ್ಟ ದೀರ್ಘಗೋಳದ (ಭೂಮಿಯ ಆಕಾರದ ಗಣಿತ ಮಾದರಿಯ) ಮೇಲೆ ಲೆಕ್ಕ ಹಾಕುತ್ತದೆ. ಆವರಣದೊಳಗೆ ಜಿಯೊಮೆಟ್ರಿ ಕೊಡುವ ಸೂತ್ರ ಲೇಯರಿನ ಸಮತಲವನ್ನೇ ಅಳೆಯುತ್ತದೆ. ಎರಡರಲ್ಲೂ ಅಳೆದು ಉತ್ತರ ಬೇರೆ ಬೇರೆ ಬಂದರೆ ಪ್ರೊಜೆಕ್ಷನ್ ನೋಡಿಕೊಳ್ಳಿ ಎಂದರ್ಥ.

ಇನ್ನು ಎಕ್ಸೆಲ್ ತಂದಿಡುವ ತಾಪತ್ರಯ. 1.25ಕ್ಕೆ 1.30 ಕೂಡಿದರೆ ಅದು 2.55 ಎನ್ನುತ್ತದೆ. ನಿಜವಾಗಿ 65 ಗುಂಟೆಗೆ 70 ಸೇರಿ 135 ಗುಂಟೆ, ಅಂದರೆ 3 ಎಕರೆ 15 ಗುಂಟೆ. ಭೂಸ್ವಾಧೀನದ ತಖ್ತೆಯಲ್ಲಿ ಮುನ್ನೂರು ಸಾಲು ಹೀಗೆ ಕೂಡಿದರೆ ಮೊತ್ತ ಎಲ್ಲಿಗೆ ಹೋಗಿ ನಿಲ್ಲುತ್ತದೋ! ಅದಕ್ಕೇ ಪಹಣಿ ವಿಸ್ತೀರ್ಣದ ಕಾಲಂ ಯಾವಾಗಲೂ ಟೆಕ್ಸ್ಟ್ ಆಗಿರಲಿ. ಎಕರೆ, ಗುಂಟೆ, ಆಣೆ ಮೂರು ಕಾಲಂಗಳಾಗಿ ಒಡೆದು, ಎಲ್ಲವನ್ನೂ ಗುಂಟೆಗೆ ತಂದು (16 ಆಣೆಗೆ ಒಂದು ಗುಂಟೆ), ಕೂಡಿದ ಮೇಲೆ 40ರಿಂದ ಭಾಗಿಸಿ. ಸಂಖ್ಯೆಯ ಕಾಲಂ ಆಗಿಬಿಟ್ಟರೆ 2.20 ಎಂಬುದು 2.2 ಆಗುತ್ತದೆ. ಆಮೇಲೆ ಅದು 20 ಗುಂಟೆಯೋ 2 ಗುಂಟೆಯೋ ಎಂದು ಪಹಣಿ ತೆಗೆದೇ ನೋಡಬೇಕು. ಗುಂಟೆಯ ಜಾಗದಲ್ಲಿ 40 ಅಥವಾ ಅದಕ್ಕಿಂತ ಹೆಚ್ಚು ಬಂದ ಸಾಲುಗಳನ್ನು ಫಿಲ್ಟರ್ ಮಾಡಿದರೆ ಯಾರೋ ಮೊದಲೇ ದಶಮಾಂಶಕ್ಕೆ ತಿರುಗಿಸಿಟ್ಟ ಸಾಲುಗಳು ಸಿಕ್ಕಿಬೀಳುತ್ತವೆ. ಸರ್ವೆ ನಂಬರಿನ ಕಾಲಮ್ಮಿಗೂ ಇದೇ ಮದ್ದು. 12/3 ಎಂದು ಹೊಡೆದರೆ ಎಕ್ಸೆಲ್ ಅದನ್ನು ಮಾರ್ಚ್ 12 ಮಾಡಿಕೊಂಡು ಕೂರುತ್ತದೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ನಾಲ್ಕಾರು ಗುಂಟೆ ವ್ಯತ್ಯಾಸ ಉಳಿದರೆ ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ಮೂಲ ದಾಖಲೆ) ತರಿಸಿ. ಪಹಣಿಯ ಒಟ್ಟು ವಿಸ್ತೀರ್ಣದಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಸೇರಿದೆಯೋ, ನೀವು ನೋಡಿದ್ದು ಖರಾಬು ಕಳೆದ ಅಂಕಿಯೋ ಎಂಬುದು ಅಲ್ಲಿ ಇತ್ಯರ್ಥವಾಗುತ್ತದೆ. ಅದಾದ ಮೇಲೆ ಟಿಪ್ಪಣಿ, ಅಂದರೆ ಭೂಮಾಪಕರು ಬರೆದ ಮೂಲ ಅಳತೆಯ ನಕ್ಷೆ. ಒತ್ತುವರಿ ಎಂಬ ಪದವನ್ನು ಭೂಮಾಪಕರು ಅಳತೆ ಮಾಡಿದ ಬಳಿಕ ಅವರೇ ಬರೆಯಲಿ. ನಿಮ್ಮ ವರದಿಯಲ್ಲಿ ‘ವಿಸ್ತೀರ್ಣ ತಾಳೆಯಾಗುತ್ತಿಲ್ಲ, ಸ್ಥಳ ಅಳತೆ ಅಗತ್ಯ’ ಎಂದಿದ್ದರೆ ಸಾಕು.

ಪ್ರಶ್ನೆ: ಬೆಂಗಳೂರಿನ ಕಚೇರಿಯಲ್ಲಿ ಕೂತು ಕೋಲಾರ ಜಿಲ್ಲೆಯ ಕೆರೆಗಳ ಲೇಯರ್ ತೆರೆದರೆ ಕೆಲವು ಕೆರೆಗಳು ಅರಬ್ಬಿ ಸಮುದ್ರದಲ್ಲಿ ಬೀಳುತ್ತಿವೆ. ಏಕೆ? — ಓದುಗರು, ಕೆ.ಆರ್. ಪುರ

78 ಡಿಗ್ರಿ ಪೂರ್ವ ರೇಖಾಂಶ ಕೋಲಾರ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. ಮಾಲೂರು ಪಟ್ಟಣ ಅದರ ಪಶ್ಚಿಮಕ್ಕೆ, ಯುಟಿಎಂ 43ರಲ್ಲಿ. ಕೋಲಾರ, ಮುಳಬಾಗಿಲು ಪೂರ್ವಕ್ಕೆ, 44ರಲ್ಲಿ. ಯಾರೋ 44ರಲ್ಲಿ ಅಳೆದು ತಂದದ್ದಕ್ಕೆ 43 ಎಂದು ಹಣೆಪಟ್ಟಿ ಹಚ್ಚಿದ್ದಾರೆ. ಆಗ ಎಲ್ಲವೂ 6 ಡಿಗ್ರಿ ಪಶ್ಚಿಮಕ್ಕೆ, ಸುಮಾರು 650 ಕಿಲೋಮೀಟರ್ ಜಾರುತ್ತದೆ. ಹಾಗಾಗಿಯೇ ಸಮುದ್ರ. ‘ಅಸೈನ್’ ಬರೀ ಹಣೆಪಟ್ಟಿ ಬದಲಿಸುತ್ತದೆ, ‘ರೀಪ್ರೊಜೆಕ್ಟ್’ ಅಂಕಿಗಳನ್ನೇ ಹೊಸದಾಗಿ ಲೆಕ್ಕ ಹಾಕುತ್ತದೆ. ತಪ್ಪಿದ ಕೆರೆಗಳಿಗೆ ಮೊದಲು 32644 ಎಂದು ಅಸೈನ್ ಮಾಡಿ, ಬಳಿಕ 32643ಕ್ಕೆ ರೀಪ್ರೊಜೆಕ್ಟ್ ಮಾಡಿ, ಇಡೀ ಜಿಲ್ಲೆಯನ್ನು ಒಂದೇ ವಲಯದಲ್ಲಿಡಿ. ಗಡಿ ದಾಟಿದ ಅಷ್ಟು ದೂರಕ್ಕೆ ಅಳತೆ ಕೆಡುವುದಿಲ್ಲ.

ಸಮುದ್ರಕ್ಕೆ ಬಿದ್ದ ತಪ್ಪು ಕಣ್ಣಿಗಾದರೂ ಕಾಣುತ್ತದೆ. ನೂರಿನ್ನೂರು ಮೀಟರ್ ಸರಿದದ್ದು ಕಾಣುವುದಿಲ್ಲ. ಅದಕ್ಕೆ ಸಾಮಾನ್ಯ ಕಾರಣ ಎವರೆಸ್ಟ್ ಡೇಟಮ್ (ಅಕ್ಷಾಂಶ ರೇಖಾಂಶಕ್ಕೆ ಹಳೆಯ ಆಧಾರ) ಬಳಸಿದ ಹಳೆಯ ಟೋಪೋಶೀಟ್ (ಬೆಂಗಳೂರಿನವು 57 ಜಿ ಮತ್ತು 57 ಎಚ್) ನೋಡಿ ಬಿಡಿಸಿದ್ದನ್ನು ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಎಂದು ಉಳಿಸಿಟ್ಟಿರುವುದು.

ಪ್ರಶ್ನೆ: ನಮ್ಮದು 30x40 ನಿವೇಶನ. ಮೊಬೈಲ್ ಆ್ಯಪ್‌ನಲ್ಲಿ ನೋಡಿದರೆ ಹಳ್ಳದ ಗೆರೆ ಮನೆಯ ಮೂಲೆಯ ಮೇಲೇ ಹಾದುಹೋಗಿದೆ. ರಾಜಕಾಲುವೆ ನಿಜವಾಗಿ ಇರುವುದು ಬೀದಿಯ ಆಚೆ. ಯಾವುದು ಸರಿ? — ಓದುಗರು, ಎಚ್‌ಎಸ್‌ಆರ್ ಬಡಾವಣೆ

ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಆ್ಯಪ್‌ನ ಗೆರೆ ಗ್ರಾಮ ನಕ್ಷೆಯಿಂದ ಬಂದದ್ದು. ನಮ್ಮ ಗ್ರಾಮ ನಕ್ಷೆಗಳ ಅಳತೆ ಸಾಮಾನ್ಯವಾಗಿ 1:7920, ಮೈಲಿಗೆ ಎಂಟು ಅಂಗುಲ. ಆ ಕಾಗದದಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಶಾಯಿಗೆರೆ ನೆಲದ ಮೇಲೆ ಸುಮಾರು 4 ಮೀಟರ್, ಅಂದರೆ 13 ಅಡಿ. 30 ಅಡಿ ಅಗಲದ ನಿವೇಶನದಲ್ಲಿ ಅರ್ಧದಷ್ಟನ್ನು ಗೆರೆಯ ದಪ್ಪವೇ ನುಂಗುತ್ತದೆ. ಅದಕ್ಕೆ ಕಾಗದ ಹಿಗ್ಗಿದ್ದು ಕುಗ್ಗಿದ್ದು, ಸ್ಕ್ಯಾನ್ ಮಾಡಿದ ಮೇಲೆ ನಾಲ್ಕು ಮೂಲೆ ಹಿಡಿದು ಜಗ್ಗಿ ಕೂರಿಸಿದ್ದು ಎಲ್ಲ ಸೇರಿಸಿ. ಬಯಲಿನಲ್ಲೂ ಮೊಬೈಲ್ ಜಿಪಿಎಸ್‌ಗೆ 5 ಮೀಟರಿನಷ್ಟು ಆಚೀಚೆ ಇರುತ್ತದೆ, ಮನೆಗಳ ಸಂದಿಯಲ್ಲಿ ಇನ್ನೂ ಹೆಚ್ಚು. ಹೀಗಾಗಿ ‘ಮೂಲೆಯ ಮೇಲೆ’ ಎಂಬ ಮಾತಿಗೆ ಆ ಪರದೆಯಲ್ಲಿ ಅರ್ಥವಿಲ್ಲ. ‘ಈ ಸುತ್ತಮುತ್ತ ದಾಖಲೆಯಲ್ಲಿ ಹಳ್ಳವಿದೆ’ ಎಂಬುದಕ್ಕೆ ಮಾತ್ರ ಅರ್ಥವಿದೆ. ಆ ಮಾತನ್ನು ತಳ್ಳಿಹಾಕಬೇಡಿ. ಬಡಾವಣೆ ಆಗುವಾಗ ಹಳ್ಳವನ್ನು ತಿರುಗಿಸಿ ಬೀದಿಯ ಆಚೆ ಕಟ್ಟಿದ್ದರೂ ದಾಖಲೆಯಲ್ಲಿ ಹಳೆಯ ಪಾತ್ರ ಬಿ-ಖರಾಬಾಗಿ, ಸಾರ್ವಜನಿಕ ಸ್ವತ್ತಾಗಿ ಉಳಿದಿರಬಹುದು.

ಮಾಡಬೇಕಾದ್ದು: ನಿಮ್ಮ ಬಡಾವಣೆ ಯಾವ ಹಳೆಯ ಸರ್ವೆ ನಂಬರಿನ ಮೇಲೆ ಎದ್ದಿದೆ ಎಂದು ಕ್ರಯಪತ್ರ, ಮೂಲಪತ್ರಗಳಲ್ಲಿ ಹುಡುಕಿ. ಆ ನಂಬರಿನ ಟಿಪ್ಪಣಿ, ಆಕಾರಬಂದ್, ಗ್ರಾಮ ನಕ್ಷೆಯ ದೃಢೀಕೃತ ನಕಲಿಗೆ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಅರ್ಜಿ ಹಾಕಿ. ಬಡಾವಣೆಗೆ ಮಂಜೂರಾದ ನಕ್ಷೆಯನ್ನೂ ಪಡೆದು ಎರಡನ್ನೂ ಎದುರಿಗಿಟ್ಟು ನೋಡಿ. ಅಷ್ಟರಲ್ಲೂ ಬಗೆಹರಿಯದಿದ್ದರೆ ಹದ್ದುಬಸ್ತು (ಅಳತೆ ಮಾಡಿ ಗಡಿ ಗುರುತಿಸುವುದು) ಮಾಡಿಸುವ ದಾರಿ ಇದೆ. ಆ್ಯಪ್‌ನ ಸ್ಕ್ರೀನ್‌ಶಾಟನ್ನು ಯಾರಾದರೂ ಪುರಾವೆ ಎಂದು ತೋರಿಸಿದರೆ, ಅದು ನಿಮ್ಮ ಪರವಾಗಿದ್ದರೂ ವಿರುದ್ಧವಾಗಿದ್ದರೂ, ನಂಬಬೇಡಿ.

ಇದೇ ಲೇಯರ್ ಮೇಲೆ ಕೆಲಸ ಮಾಡುವ ಅನಲಿಸ್ಟ್‌ಗಳಿಗೂ ಒಂದು ಮಾತು. ಪರಿಷ್ಕೃತ ಮಹಾಯೋಜನೆ 2015ರ ಪ್ರಕಾರ ಮೀಸಲು ಅಂತರ ಪ್ರಥಮ ದರ್ಜೆ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್, ಮತ್ತು ಅದನ್ನು ಕಾಲುವೆಯ ಮಧ್ಯದಿಂದ ಅಳೆಯಬೇಕು. 2016ರಲ್ಲಿ ಹಸಿರು ನ್ಯಾಯಮಂಡಳಿ ಇದನ್ನು 50, 35, 25 ಮೀಟರ್ ಮಾಡಿ ಅಂಚಿನಿಂದ ಅಳೆಯಲು ಹೇಳಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದುಪಡಿಸಿತು. ಆ ನಡುವಿನ ಮೂರು ವರ್ಷಗಳಲ್ಲಿ ತಯಾರಾದ ಬಫರ್ (ಮೀಸಲು ಅಂತರದ) ಲೇಯರ್‌ಗಳು ಹಂಚಿಕೆಯ ಫೋಲ್ಡರ್‌ಗಳಲ್ಲಿ ಸುತ್ತಾಡುತ್ತಿದ್ದರೆ ಆಶ್ಚರ್ಯವಿಲ್ಲ. ಲೇಯರಿನ ಹೆಸರಿನಲ್ಲೇ ಯಾವ ಆದೇಶ, ಮಧ್ಯದಿಂದಲೋ ಅಂಚಿನಿಂದಲೋ ಎಂದು ಬರೆದಿಡಿ. 20 ಮೀಟರ್ ಅಗಲದ ಕಾಲುವೆಯಲ್ಲಿ ಈ ಒಂದು ಗೊಂದಲದಿಂದ ಒಂದೊಂದು ಬದಿಗೆ 10 ಮೀಟರ್ ಹೆಚ್ಚು ಹೋಗುತ್ತದೆ. ಒಂದು ಸಾಲು ಮನೆಗಳೇ ಅದರೊಳಗೆ ಬರುತ್ತವೆ.

ಪ್ರಶ್ನೆ: ಹಳೆಯ ಶೇಪ್‌ಫೈಲ್ ಬಗೆಯ ನಕ್ಷೆ ಕಡತದಲ್ಲಿ ಊರಿನ ಹೆಸರುಗಳು ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಹೊಸದಾಗಿ ಕನ್ನಡದಲ್ಲಿ ತುಂಬಿದರೆ ಹೆಸರು ಅರ್ಧಕ್ಕೇ ಕತ್ತರಿಸಿಹೋಗುತ್ತದೆ. — ಓದುಗರು, ಶಾಂತಿನಗರ

ಎರಡಕ್ಕೂ ಕಾರಣ ಬೇರೆ. ಮೊದಲನೆಯದು ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನ ಬರಹ. ಪರಿವರ್ತಕದಲ್ಲಿ ಹಾಕಿದರೆ ಬಹುಪಾಲು ಸರಿಹೋಗುತ್ತದೆ, ಆದರೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಹೆಸರುಗಳನ್ನಷ್ಟೇ ಬೇರೆ ತೆಗೆದು ಒಂದೊಂದಾಗಿ ಕಣ್ಣಾಡಿಸಿ. ತಪ್ಪು ಉಳಿದರೆ ಅಲ್ಲೇ ಉಳಿಯುತ್ತದೆ.

ಎರಡನೆಯದು ಶೇಪ್‌ಫೈಲ್‌ನ ಮಿತಿ. ‘ಬೆಂಗಳೂರು’ ಕಣ್ಣಿಗೆ ನಾಲ್ಕಕ್ಷರ, ಕಂಪ್ಯೂಟರಿಗೆ 8 ಸಂಕೇತ, ಒಂದೊಂದಕ್ಕೆ 3 ಬೈಟ್‌ನಂತೆ 24 ಬೈಟ್. ಕಾಲಂ ಅಗಲ 20 ಇಟ್ಟಿದ್ದರೆ ಬಾಲ ತುಂಡಾಗುತ್ತದೆ. ಗರಿಷ್ಠ 254 ಕೊಟ್ಟರೂ ಹಿಡಿಯುವುದು 84 ಸಂಕೇತ ಮಾತ್ರ. ಕಾಲಂ ಹೆಸರಿಗಂತೂ 10 ಬೈಟ್ ಅಷ್ಟೇ, ‘ಗ್ರಾಮ’ ಎಂಬ ಶೀರ್ಷಿಕೆಯೂ ಹಿಡಿಸದು. ಶೇಪ್‌ಫೈಲ್ ಬಿಟ್ಟು ಜಿಯೋಪ್ಯಾಕೇಜ್ ಎಂಬ ಹೊಸ ಬಗೆಯ ಕಡತಕ್ಕೆ ಬನ್ನಿ. ಮೇಲಿನವರು ಶೇಪ್‌ಫೈಲನ್ನೇ ಕೇಳಿದರೆ ಜೊತೆಗೆ ಯುಟಿಎಫ್-8 ಎಂದು ಬರೆದ ಸಿಪಿಜಿ ಕಡತ ಇರಲೇಬೇಕು.

ಊರಿನ ಹೆಸರು ಹಿಡಿದು ಎರಡು ಪಟ್ಟಿ ಜೋಡಿಸಲು ಹೋಗಬೇಡಿ. ‘ಹೊಸಹಳ್ಳಿ’ಯ ಮೊದಲ ಅಕ್ಷರವನ್ನೇ ಎರಡು ಬಗೆಯ ಸಂಕೇತಗಳಲ್ಲಿ ಬರೆಯಬಹುದು. ನೋಡಲು ಒಂದೇ, ಹೋಲಿಸಿದರೆ ಬೇರೆ. ಸಾಲದ್ದಕ್ಕೆ ಹೊಸಹಳ್ಳಿ ಇಲ್ಲದ ತಾಲ್ಲೂಕು ಯಾವುದು ಹೇಳಿ! ಕೇಂದ್ರದ ಸ್ಥಳೀಯ ಸರ್ಕಾರ ಡೈರೆಕ್ಟರಿಯ ಗ್ರಾಮ ಸಂಕೇತವನ್ನೇ ಕೀಲಿಯಾಗಿ ಬಳಸಿ, ಅದನ್ನೂ ಟೆಕ್ಸ್ಟ್ ಆಗಿಯೇ ಇಡಿ.

ಪ್ರಶ್ನೆ: ಮಳೆ ಬಂದಾಗ ನಮ್ಮ ವಾರ್ಡ್‌ನಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂದು ಉಚಿತ ಡಿಇಎಂನಿಂದ (ನೆಲದ ಎತ್ತರದ ಡಿಜಿಟಲ್ ನಕ್ಷೆ) ಕಂಡುಹಿಡಿಯಬಹುದೇ? — ವಿದ್ಯಾರ್ಥಿ, ಬಸವನಗುಡಿ

ಬೀದಿ ಮಟ್ಟಕ್ಕೆ ಆಗದು. ಇಸ್ರೊದ ಭುವನ್ ಜಾಲತಾಣದ ಕಾರ್ಟೊಸ್ಯಾಟ್ ಡಿಇಎಂ, ಎಸ್‌ಆರ್‌ಟಿಎಂ ಎರಡೂ 30 ಮೀಟರ್ ಚೌಕದವು. ಎತ್ತರದಲ್ಲಿ ಹಲವು ಮೀಟರ್ ತಪ್ಪಿರುತ್ತದೆ, ಮರದ ತಲೆಯನ್ನೂ ಮನೆಯ ಮಾಳಿಗೆಯನ್ನೂ ನೆಲವೆಂದೇ ತೋರಿಸುತ್ತವೆ. ನಿಮಗೆ ಬೇಕಾದದ್ದು ಮೊಣಕಾಲುದ್ದದ ನೀರು. ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳ ಎಲ್ಲೆ ಗುರುತಿಸಲು, ನಿಮ್ಮ ವಾರ್ಡಿನ ನೀರು ಯಾವ ಕೆರೆಯ ಕಡೆ ಹರಿಯುತ್ತದೆ ಎಂದು ತಿಳಿಯಲು ಈ ಡಿಇಎಂ ಸಾಕು. ‘ಫಿಲ್ ಸಿಂಕ್ಸ್’ ಒತ್ತುವಾಗ ಹುಷಾರು. ಗುಂಡಿಗಳನ್ನೆಲ್ಲ ತುಂಬುವ ಆ ಆಜ್ಞೆ ಕಲ್ಲುಕ್ವಾರಿ, ಕೆರೆಯಂಗಳಗಳನ್ನೂ ಮಟ್ಟ ಮಾಡಿಬಿಡುತ್ತದೆ. ರೈಲ್ವೆ ಏರಿಯ ಕೆಳಗಿನ ಮೋರಿ ಡಿಇಎಂಗೆ ಕಾಣದೆ, ಏರಿಯ ಹಿಂದೆ ಇಲ್ಲದ ಕೆರೆ ಹುಟ್ಟುತ್ತದೆ. ಮೋರಿಗಳ ಜಾಗದಲ್ಲಿ ಕೈಯಾರೆ ಕತ್ತರಿಸಿ ದಾರಿ ಬಿಡಿ.

ಬೀದಿ ಮಟ್ಟಕ್ಕೆ ಬೇಕಿರುವುದು ಚರಂಡಿ ತಳದ ಮಟ್ಟಗಳು, ಡಿಜಿಪಿಎಸ್ ಅಥವಾ ಟೋಟಲ್ ಸ್ಟೇಷನ್ ಎಂಬ ನಿಖರ ಅಳತೆ ಉಪಕರಣದಿಂದ ತೆಗೆದವು. ಡಿಜಿಪಿಎಸ್ ಕೊಡುವ ಕಚ್ಚಾ ಎತ್ತರ ದೀರ್ಘಗೋಳದ ಮೇಲಿನದು, ಬೆಂಗಳೂರಿನಲ್ಲಿ ಅದು ಸಮುದ್ರಮಟ್ಟದ ಎತ್ತರಕ್ಕಿಂತ ಸುಮಾರು 86 ಮೀಟರ್ ಕಡಿಮೆ. ಒಬ್ಬರು 920 ಎಂದೂ ಇನ್ನೊಬ್ಬರು 834 ಎಂದೂ ಬರೆದು ತಂದರೆ ಇಬ್ಬರದೂ ಸರಿಯಿರಬಹುದು. ಒಂದೇ ಕಾಲಮ್ಮಿಗೆ ಸುರಿಯುವ ಮುನ್ನ ಯಾವ ಎತ್ತರ ಎಂದು ಕೇಳಿ.

ಪ್ರಶ್ನೆ: 2011ರ ಜನಗಣತಿಯನ್ನು ಈಗಿನ ವಾರ್ಡ್‌ಗಳಿಗೆ ಹೊಂದಿಸುವುದು ಹೇಗೆ? — ಓದುಗರು, ಜಯನಗರ

ಆ ಗಣತಿ 198 ವಾರ್ಡ್‌ಗಳ ಲೆಕ್ಕ. ಬಳಿಕ 2022ರಲ್ಲಿ 243, 2023ರಲ್ಲಿ 225 ವಾರ್ಡ್‌ಗಳ ವಿಂಗಡಣೆ ಬಂತು, 2025ರ ಸೆಪ್ಟೆಂಬರ್‌ನಲ್ಲಿ ನಗರವೇ ಐದು ಪಾಲಿಕೆಗಳಾಯಿತು. ವಿಸ್ತೀರ್ಣದ ಪ್ರಮಾಣದಲ್ಲಿ ಜನರನ್ನು ಹಂಚಿದರೆ ಬೆಳ್ಳಂದೂರು ಕೆರೆಯ ನೀರಿನ ಮೇಲೂ ಜಿಕೆವಿಕೆ ತೋಟಗಳಲ್ಲೂ ಸಾವಿರಾರು ಜನ ವಾಸ ಮಾಡತೊಡಗುತ್ತಾರೆ. ಕಟ್ಟಡಗಳ ಲೇಯರ್ ತೆಗೆದುಕೊಂಡು, ವಾಣಿಜ್ಯ ಕಟ್ಟಡ ಬಿಟ್ಟು, ತಳವಿಸ್ತೀರ್ಣವನ್ನು ಅಂತಸ್ತಿನಿಂದ ಗುಣಿಸಿ, ಹಳೆಯ ವಾರ್ಡ್‌ನ ಜನಸಂಖ್ಯೆಯನ್ನು ಆ ಪ್ರಮಾಣದಲ್ಲಿ ಕಟ್ಟಡಗಳಿಗೆ ಹಂಚಿ. ಆಮೇಲೆ ಹೊಸ ಗಡಿಯೊಳಗೆ ಕೂಡಿ. ಹಳೆಯ ವಾರ್ಡ್‌ಗೆ ವಾಪಸ್ ಕೂಡಿದಾಗ ಗಣತಿಯ ಅಂಕಿ ಸರಿಯಾಗಿ ಬರಬೇಕು, ಬರದಿದ್ದರೆ ಗಡಿಯ ಮೇಲೆ ಕೂತ ಕಟ್ಟಡಗಳು ಎರಡು ಸಲ ಎಣಿಕೆಯಾಗಿವೆ. ಪ್ರತಿ ಕಟ್ಟಡಕ್ಕೂ ಒಂದು ಮಧ್ಯಬಿಂದು ಮಾಡಿ, ಬಿಂದು ಯಾವ ವಾರ್ಡ್‌ನಲ್ಲಿದೆಯೋ ಅಲ್ಲಿಗೇ ಸೇರಿಸಿ.